ಸೆಕೆಗೆ ಹೇಳಿಸಿದ ಅಂಗಿ

ಆನ್‌ಲೈನಿನಲ್ಲಿ ಕೆಲಸದ ಅಂಗಿ ಮಾರುವವರ ಫೋಟೋದಲ್ಲಿ ಯಾರೂ ಕೆಲಸ ಮಾಡುತ್ತಿರುವುದಿಲ್ಲ. ಗಡ್ಡ ಟ್ರಿಮ್ ಮಾಡಿಸಿಕೊಂಡ ಒಬ್ಬ ಯುವಕ ಮರದ ಬೆಂಚಿಗೆ ಒರಗಿ, ಕೈಕಟ್ಟಿ ನಿಂತಿರುತ್ತಾನೆ. ಅಂಗಿಯ ತೋಳು ಎರಡೇ ಎರಡು ಮಡಿಕೆ ಮೇಲೇರಿರುತ್ತದೆ. ಹಿಂದಿನ ಗೋಡೆಯಲ್ಲಿ ಸುತ್ತಿಗೆ, ಉಳಿ, ಗರಗಸ ಸಾಲಾಗಿ ನೇತಾಡುತ್ತಿರುತ್ತವೆ. ಅವುಗಳಲ್ಲಿ ಒಂದಕ್ಕೂ ಅವನ ಪರಿಚಯ ಇದ್ದ ಹಾಗಿರುವುದಿಲ್ಲ. ಕಂಕುಳಲ್ಲಿ ಒಂದು ಹನಿ ಬೆವರಿಲ್ಲ. ಈ ಪುಣ್ಯಾತ್ಮನನ್ನು ಏಪ್ರಿಲ್ ತಿಂಗಳಲ್ಲಿ ಪುತ್ತೂರು, ಸುಳ್ಯದ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಕರೆತಂದು, ಬೆಳಗ್ಗೆ ಹತ್ತು ಗಂಟೆಗೆ ಸ್ಪ್ರಿಂಕ್ಲರ್ ಪೈಪು ಎಳೆಯಲು ಬಿಡಬೇಕು ಮಾರಾಯ್ರೆ. ಆಮೇಲೆ ತೆಗೆದ ಫೋಟೋ ಹಾಕಿದರೆ ಅಂಗಿ ಕೊಳ್ಳುವವರಿಗೆ ಏನಾದರೂ ಉಪಕಾರವಾದೀತು.

ಕರಾವಳಿಯ ಸೆಕೆಯೇ ಬೇರೆ, ರಾಯಚೂರಿನ ಬಿಸಿಲೇ ಬೇರೆ. ಈ ವ್ಯತ್ಯಾಸ ಅಂಗಿ ಮಾರುವ ಕಂಪನಿಗಳ ತಲೆಗೆ ಇನ್ನೂ ಹೋಗಿಲ್ಲ. ಅವರ ಲೆಕ್ಕದಲ್ಲಿ ಎರಡೂ ‘ಸಮ್ಮರ್’. ರಾಯಚೂರಿನಲ್ಲಿ 42 ಡಿಗ್ರಿ ಕಾದರೂ ಗಾಳಿ ಒಣಗಿರುತ್ತದೆ. ಬೆವರು ಬಂದದ್ದೇ ತಿಳಿಯದೆ ಆರಿಹೋಗಿ, ಸಂಜೆ ಬೆನ್ನ ಮೇಲೆ ಉಪ್ಪಿನ ಗೆರೆ ಮಾತ್ರ ಕಾಣುತ್ತದೆ. ನಮ್ಮಲ್ಲಿ ಥರ್ಮಾಮೀಟರು 34 ತೋರಿಸುತ್ತಿದ್ದರೂ ಬೆವರು ಆರುವುದಿಲ್ಲ, ಇಳಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊತ್ತೊಯ್ಯುತ್ತದಂತೆ. ಮೂಗಿನ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಏನೂ ಸಿಕ್ಕುವುದಿಲ್ಲ, ಬರೀ ನಷ್ಟ. ಹಾಗಾಗಿ ಅಲ್ಲಿಯ ಅಂಗಿ ಬಿಸಿಲನ್ನು ತಡೆದರೆ ಅರ್ಧ ಗೆದ್ದಂತೆ. ಇಲ್ಲಿಯ ಅಂಗಿ ಗಾಳಿಯನ್ನು ಒಳಗೆ ಬಿಡಲೇಬೇಕು.

ಬಣ್ಣದ ಬಗ್ಗೆ ಎಲ್ಲರೂ ಉಪದೇಶ ಮಾಡುತ್ತಾರೆ, ಬಿಳಿ ಹಾಕಿ, ತಂಪು ಅಂತ. ತೋಟದ ಕೆಲಸಕ್ಕೆ ಬಿಳಿ ಅಂಗಿ ಹಾಕಿ ಎನ್ನುವವರು ಬಟ್ಟೆ ಒಗೆದವರಲ್ಲ, ಅದಿರಲಿ. ಬೆಡೂಯಿನ್ ಜನ ಉರಿಯುವ ಮರುಭೂಮಿಯಲ್ಲಿ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಎಂದು ಪರೀಕ್ಷಿಸಿ ನೋಡಿದವರ ಲೇಖನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರುವುದು ನಿಜ, ಆದರೆ ಅಂಗಿ ದೊಗಲೆಯಾಗಿದ್ದರೆ ಆ ಹೆಚ್ಚಿನ ಶಾಖ ಮೈ ಮುಟ್ಟುವ ಮೊದಲೇ ಒಳಗೆ ಆಡುವ ಗಾಳಿಯ ಪಾಲಾಗುತ್ತದೆ ಎಂಬುದು ಅವರು ಕಂಡದ್ದು. ಕಪ್ಪಾದರೂ ಬಿಳಿಯಾದರೂ ಮೈಗೆ ತಲುಪಿದ ಬಿಸಿ ಒಂದೇ. ದೊಗಲೆತನವೇ ಮುಖ್ಯ ಅಂತಾಯಿತು. ಆದರೆ ಆನ್‌ಲೈನಿನಲ್ಲಿ ಈಗ ಹತ್ತು ಅಂಗಿ ತೆರೆದರೆ ಏಳು ‘ಸ್ಲಿಮ್ ಫಿಟ್’. ಬೆನ್ನಿಗೆ ಅಂಟಿಕೊಂಡ ಅಂಗಿಯೊಳಗೆ ಗಾಳಿ ಎಲ್ಲಿಂದ ಆಡಬೇಕು?

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸೊಂಟಕ್ಕೆ ಒಂದು ತುಂಡು ಬಟ್ಟೆ, ಹೆಗಲಿಗೆ ಬೈರಾಸು. ಸೆಕೆಗೆ ಅದಕ್ಕಿಂತ ಒಳ್ಳೆಯ ಉಡುಪು ಯಾವ ಪ್ರಯೋಗಾಲಯದಲ್ಲೂ ಹುಟ್ಟಲಿಕ್ಕಿಲ್ಲ. ಆದರೆ ಹಳೆಯದನ್ನೆಲ್ಲ ಹೊಗಳುತ್ತಾ ಕೂರುವುದು ನನಗೆ ಒಗ್ಗುವುದಿಲ್ಲ. ನುಸಿ ಕಚ್ಚಿದರೆ ಡೆಂಗೀ ಬರುವ ಕಾಲ ಇದು. ಮತ್ತೆ ಮೈಲುತುತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ನೂರು ವರ್ಷ ಮೀರಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಂದಿನಿಂದ ಅಡಿಕೆ ಬೆಳೆಯುವ ಪ್ರತಿ ಮನೆಯಲ್ಲೂ ಮೂಲ ಬಣ್ಣ ಮರೆತುಹೋದ ಒಂದು ನೀಲಿ ಅಂಗಿ ಇದ್ದೇ ಇದೆ. ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲಿ ನಿಂತೇ ಮದ್ದು ಬಿಡುವುದರಿಂದ ಆ ನೀರೆಲ್ಲ ಹೊಡೆಯುವವನ ತಲೆಗೇ ಬೀಳುತ್ತದೆ. ತುಂಬು ತೋಳಿನ ಅಂಗಿ ಬೇಕೇ ಬೇಕು.

ಸರಿ, ಕೊಳ್ಳೋಣ ಅಂದರೆ ಬಟ್ಟೆ ಮುಟ್ಟಿ ನೋಡುವ ಹಾಗಿಲ್ಲ. ಜವಳಿ ಅಂಗಡಿಯಲ್ಲಿ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು, ಅಂಚು ಎಳೆದು, ಕೊನೆಗೆ ಮೂಸಿಯೂ ನೋಡುತ್ತಿದ್ದ ನಮಗೆ ಮೊಬೈಲಿನ ಗಾಜು ತಿಕ್ಕಿದರೆ ಏನು ತಿಳಿಯುತ್ತದೆ? ‘ಪ್ರೀಮಿಯಂ’ ಅಂತಾರೆ, ‘ಬ್ರೀದಬಲ್’ ಅಂತಾರೆ. ಅದರ ಬದಲು ಒಂದೇ ಒಂದು ಸಂಖ್ಯೆ ಬರೆದರೆ ಸಾಕಿತ್ತು: ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ನೂರರಿಂದ ನೂರೈವತ್ತರ ಒಳಗಿನದು ಅಂಗಿಗೆ ಆಗುತ್ತದೆ; ಇನ್ನೂರರ ಮೇಲಿನದು ಪ್ಯಾಂಟಿಗೆ. ಅಮೆರಿಕದ ಕೆಲಸಗಾರರ ಜೀನ್ಸಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಭಜನೆ ಮಾಡುವವರು ಹದಿನಾಲ್ಕು ಔನ್ಸ್ ಡೆನಿಮ್ ಅನ್ನುತ್ತಾರಲ್ಲ, ಅದು 470 ಜಿಎಸ್‌ಎಂ ದಾಟುತ್ತದೆ. ಅದನ್ನು ಹಾಕಿಕೊಂಡು ಇಲ್ಲಿ ಮೇ ತಿಂಗಳಲ್ಲಿ ಗುಂಡಿ ತೋಡಿದರೆ ಗುಂಡಿ ನಮಗೇ ಬೇಕಾದೀತು. ತೂಕ ಬರೆಯದ ಅಂಗಡಿಯವನಿಗೆ ತಾನು ಮಾರುವ ಬಟ್ಟೆ ಗೊತ್ತಿಲ್ಲ, ಅಥವಾ ನಮಗೆ ಗೊತ್ತಾಗುವುದು ಬೇಡ. ನಾನು ಅಂಥವನ ಪುಟವನ್ನು ಅಲ್ಲಿಗೇ ಮುಚ್ಚುತ್ತೇನೆ.

ದಪ್ಪ ಬಟ್ಟೆ ಬಾಳಿಕೆ ಬರುತ್ತದೆ ಎಂಬ ನಂಬಿಕೆ ಚಳಿ ದೇಶದ್ದು. ನಮ್ಮ ಕಡೆ ಅಂಗಿ ಹರಿದು ಸಾಯುವುದು ಕಡಿಮೆ, ಕೊಳೆತು ಸಾಯುವುದೇ ಹೆಚ್ಚು. ಜೂನ್ ಬಂದರೆ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ನೇತುಹಾಕಿದ ಅಂಗಿ ಮೂರು ದಿನವಾದರೂ ಒಣಗುವುದಿಲ್ಲ. ಮೊದಲು ಮುಗ್ಗಲು ವಾಸನೆ, ಆಮೇಲೆ ಕಾಲರಿನ ಕೆಳಗೆ ಕರಿ ಚುಕ್ಕಿ. ಆ ಚುಕ್ಕಿ ಯಾವ ಸೋಪಿಗೂ ಹೋಗುವುದಿಲ್ಲ. ಹೆಚ್ಚು ದಪ್ಪವೆಂದರೆ ಹೆಚ್ಚು ದಿನ ಒದ್ದೆ, ಹೆಚ್ಚು ಬೂಸ್ಟು. ನೂರಕ್ಕೆ ನೂರು ಕಾಟನ್ ಎಂದು ವ್ರತ ಹಿಡಿದವರು ಇಲ್ಲಿ ಸ್ವಲ್ಪ ಸಡಿಲಿಸಬೇಕು. ಒಣಗಿದ ಹತ್ತಿ ಕೂಡ ಗಾಳಿಯಿಂದಲೇ ತನ್ನ ತೂಕದ ಶೇ. 8ರಷ್ಟು ತೇವ ಎಳೆದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. ಅರ್ಧದಷ್ಟೂ ಎಳೆಯುವುದಿಲ್ಲ. ಬೇಸಿಗೆಯಲ್ಲಿ ಹತ್ತಿಯ ಆ ಗುಣ ಹಿತ, ಆಟಿಯಲ್ಲಿ ಅದೇ ಶಾಪ. ಮಳೆಗಾಲಕ್ಕೆ ಪಾಲಿಯೆಸ್ಟರ್ ಬೆರೆತದ್ದೇ ಬೇಗ ಒಣಗುತ್ತದೆ, ನಾನು ಅದನ್ನೇ ತರಿಸುವುದು. ಪೂರ್ತಿ ಪಾಲಿಯೆಸ್ಟರ್ ಮಾತ್ರ ಬೇಡ. ಬೆವರಿನ ಜಿಡ್ಡು ಅದನ್ನು ಹಿಡಿದರೆ ಬಿಡುವುದಿಲ್ಲ, ಒಗೆದು ಇಸ್ತ್ರಿ ಮಾಡಿದ ಮೇಲೂ ಕಂಕುಳು ಬಿಸಿಯಾದ ಕೂಡಲೇ ನಿನ್ನೆಯ ವಾಸನೆ ಎದ್ದು ಕೂರುತ್ತದೆ. ಇನ್ನು ರೇಯಾನ್, ವಿಸ್ಕೋಸ್. ಕೈಗೆ ಮೆತ್ತಗೆ, ಮೈಗೆ ತಂಪು, ಫೋಟೋದಲ್ಲಿ ಚೆಂದ. ಒದ್ದೆಯಾದರೆ ಅದರ ಬಲ ಕುಂದುತ್ತದೆ. ಹತ್ತಿಯದು ಇದಕ್ಕೆ ಉಲ್ಟಾ, ಒದ್ದೆಯಾದಾಗಲೇ ಗಟ್ಟಿ. ಒಗೆಯುವ ಕಲ್ಲಿಗೆ ಬಡಿಯುವ ಮನೆಗಳಿಗೆ ರೇಯಾನ್ ಹೇಳಿಸಿದ್ದಲ್ಲ.

ಕಾಟನ್ ಅಂತ ಬರೆದದ್ದೆಲ್ಲ ಕಾಟನ್ ಅಲ್ಲವಷ್ಟೆ. ಕಟ್ಟು ಬಂದ ಕೂಡಲೇ ನಾನು ಅಂಗಿಯ ಒಳಮಡಿಕೆಯಿಂದ ಬಟ್ಟೆಯದೇ ಎರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಬೆಂಕಿಕಡ್ಡಿ ಗೀರುತ್ತೇನೆ. ಹೊಲಿಗೆಯ ನೂಲು ತೆಗೆಯಬಾರದು, ಅದು ಹೇಗೂ ಪಾಲಿಯೆಸ್ಟರ್. ಹತ್ತಿಯ ಎಳೆ ಹಳದಿ ಜ್ವಾಲೆಯಲ್ಲಿ ಸರಸರ ಉರಿದು ಕಾಗದ ಸುಟ್ಟ ವಾಸನೆ ಬಿಡುತ್ತದೆ; ಉಳಿಯುವುದು ಊದಿದರೆ ಹಾರುವ ಬೂದಿ. ಪಾಲಿಯೆಸ್ಟರ್ ಮುದುಡಿ, ಕರಗಿ, ತುದಿಯಲ್ಲಿ ಕಪ್ಪು ಮಣಿಯಾಗಿ ಗಟ್ಟಿಯಾಗುತ್ತದೆ, ಉಗುರಿನಲ್ಲಿ ಒತ್ತಿದರೂ ಪುಡಿಯಾಗದು. ಎರಡೂ ಬೆರೆತದ್ದು ಉರಿಯುತ್ತಲೇ ಮಣಿ ಕಟ್ಟುತ್ತದೆ. ನಾನು ಹೀಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸ ಅಂಗಿಯ ಶ್ರಾದ್ಧ ಮಾಡುವುದನ್ನು ನೋಡಿ ಮನೆಯವರು ನಗುತ್ತಾರೆ. ಒಂದು ಕಂಪನಿಯ ‘ಪ್ಯೂರ್ ಕಾಟನ್’ ಅಂಗಿಯ ಎಳೆ ಸಾಸಿವೆಗಿಂತ ದೊಡ್ಡ ಮಣಿ ಕಟ್ಟಿದ ದಿನ ನಗು ನಿಂತಿತು.

ಬಟ್ಟೆಯಾಯಿತು, ಇನ್ನು ಹೊಲಿಗೆ. ಅಂಗಿ ಮೊದಲು ಬಿಡುವುದು ಕಂಕುಳಲ್ಲಿ, ಪ್ಯಾಂಟು ಎಲ್ಲಿ ಬಿಡುತ್ತದೆಂದು ಹೇಳಬೇಕಾಗಿಲ್ಲ. ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಬಂದು ಸೇರಿದರೆ ಕುಕ್ಕರಗಾಲಲ್ಲಿ ಕೂತಾಗ ಎಳೆತವೆಲ್ಲ ಆ ಬಿಂದುವಿಗೇ. ಅಲ್ಲಿ ಒಂದು ಚೌಕದ ತುಂಡು ಬಟ್ಟೆ ಕೊಟ್ಟು ಹೊಲಿದರೆ ಎಳೆತ ಹರಡಿಹೋಗುತ್ತದೆ; ಒಳ್ಳೆಯ ಕೆಲಸದ ಪ್ಯಾಂಟುಗಳಲ್ಲಿ ಈ ತುಂಡು ಇರುತ್ತದೆ, ಗಸೆಟ್ ಅನ್ನುತ್ತಾರೆ. ಜೇಬಿನ ಮೂಲೆ ಕೀಳುತ್ತದೆಂಬ ಗಿರಾಕಿಗಳ ಗೋಳು ಕೇಳಿಯೇ ನೆವಾಡದ ಜೇಕಬ್ ಡೇವಿಸ್ ಎಂಬ ದರ್ಜಿ ಅಲ್ಲಿಗೆ ತಾಮ್ರದ ರಿವೆಟ್ ಬಡಿದದ್ದು. ಲೀವೈ ಸ್ಟ್ರಾಸ್ ಜೊತೆ ಸೇರಿ ಅದಕ್ಕೆ ಪೇಟೆಂಟ್ ಪಡೆದದ್ದು 1873ರಲ್ಲಿ. ನಮ್ಮೂರಿನ ದರ್ಜಿಗಳು ರಿವೆಟ್ ಬಡಿಯಲಿಲ್ಲ, ಆದರೆ ಒಳಗಡೆ ಒಂದೂವರೆ ಇಂಚು ಬಟ್ಟೆ ಬಿಡುತ್ತಿದ್ದರು. ಮಗ ಬೆಳೆದರೂ, ಅಪ್ಪನ ಹೊಟ್ಟೆ ಬೆಳೆದರೂ ಬಿಡಿಸಿ ಹೊಲಿದರೆ ಆಯಿತು. ಈಗಿನ ರೆಡಿಮೇಡಿನಲ್ಲಿ ಆ ಬಟ್ಟೆಯೂ ಉಳಿತಾಯದ ಲೆಕ್ಕಕ್ಕೆ ಹೋಗಿದೆ. ಹಾಗಾಗಿ ಮಾರುವವರು ಅಂಗಿಯ ಒಳಮೈಯ ಫೋಟೋ ಹಾಕಿದ್ದಾರೋ ಎಂದು ಹುಡುಕುತ್ತೇನೆ. ಸಾಮಾನ್ಯವಾಗಿ ಇರುವುದಿಲ್ಲ.

ಖಾಕಿಯ ವಿಷಯ ಬಾರದೆ ಮಂಗಳೂರು ಸೀಮೆಯವನು ಕೆಲಸದ ಬಟ್ಟೆಯ ಮಾತು ಮುಗಿಸಬಾರದು. ಬಾಸೆಲ್ ಮಿಷನ್ನಿನ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ, 1850ರ ದಶಕದಲ್ಲಿ, ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣ ಕಂಡುಹಿಡಿದ ಎಂದು ನಾವು ಎದೆಯುಬ್ಬಿಸುತ್ತೇವೆ. ಅದಕ್ಕೂ ಮೊದಲೇ ವಾಯವ್ಯ ಗಡಿಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಲಮ್ಸ್‌ಡೆನ್ ತನ್ನ ಗೈಡ್ಸ್ ಪಡೆಗೆ ಮಣ್ಣುಬಣ್ಣದ ಬಟ್ಟೆ ತೊಡಿಸಿದ್ದ ಎಂದು ಆ ಕಡೆಯವರು ತಗಾದೆ ತೆಗೆಯುತ್ತಾರೆ. ಯಾರದೇ ಆಗಲಿ, ಕೊಳೆಯನ್ನು ತೊಳೆಯುವ ಬದಲು ಕೊಳೆಯದೇ ಬಣ್ಣ ಹಾಕಿಬಿಡುವ ಬುದ್ಧಿ ದೊಡ್ಡದು. ಅಡಿಕೆಯ ಕಲೆಗೂ ಅದೇ ಉಪಾಯ. ಸಾಗರದ ಬಳಿಯ ಹೆಗ್ಗೋಡಿನ ‘ಚರಕ’ ಸಹಕಾರ ಸಂಘದವರು ಅಡಿಕೆಯ ಚೊಗರಿನಲ್ಲೇ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನಾವು ಬೈದು, ತಿಕ್ಕಿ, ನಿಂಬೆಹಣ್ಣು ಹಾಕಿ ಸೋತ ಕಲೆಗೆ ಅಲ್ಲಿ ದುಡ್ಡು ಹುಟ್ಟುತ್ತದೆ. ನನ್ನ ಬಳಿ ಅಂಥದೊಂದು ಅಂಗಿ ಇದೆ. ತೋಟಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಕಲೆಯಾದೀತೆಂದು!

ಅಳತೆಯದು ಇನ್ನೊಂದು ಗೋಳು. ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಮ್. ಭಾರತೀಯರ ಮೈಗೆ ತಕ್ಕ ಸ್ವಂತ ಅಳತೆಪಟ್ಟಿ ಇರಲೆಂದು ನಿಫ್ಟ್ ಸಂಸ್ಥೆ ‘ಇಂಡಿಯಾಸೈಜ್’ ಎಂಬ ಯೋಜನೆ ಕೈಗೆತ್ತಿಕೊಂಡದ್ದುಂಟು. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ. ಅದು ಅಂಗಡಿಗೆ ಇಳಿಯುವವರೆಗೆ ನನ್ನ ದಾರಿ ಇದು: ಮೈಗೆ ಹೊಂದಿದ ಹಳೆಯ ಅಂಗಿಯನ್ನು ಮಂಚದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಟೇಪು ಹಿಡಿದು, ಬಂದದ್ದನ್ನು ಎರಡರಿಂದ ಗುಣಿಸುವುದು. ಪುಟದಲ್ಲಿ ಕೊಟ್ಟದ್ದು ಅಂಗಿಯ ಅಳತೆಯೋ ಮೈಯ ಅಳತೆಯೋ ಎಂದು ನೋಡಿಕೊಳ್ಳಬೇಕು, ಎಷ್ಟೋ ವಾಪಸಾತಿ ಆಗುವುದು ಈ ಗೊಂದಲದಿಂದಲೇ. ಕಾಟನ್ ಆದರೆ ಕುಗ್ಗುವುದಕ್ಕೆಂದು ಒಂದಿಂಚು ಸೇರಿಸಿಕೊಳ್ಳುವುದು ಲೇಸು.

ರಿವ್ಯೂಗಳಲ್ಲಿ ಐದು ನಕ್ಷತ್ರದವರನ್ನು ನಾನು ಓದುವುದಿಲ್ಲ. ‘ಡೆಲಿವರಿ ಫಾಸ್ಟ್, ಪ್ಯಾಕಿಂಗ್ ಸೂಪರ್’ ಎಂದು ಬರೆದವನು ಅಂಗಿಯನ್ನು ಇನ್ನೂ ಬಿಚ್ಚಿಯೇ ಇಲ್ಲ. ಮೂರು ನಕ್ಷತ್ರದವರು ನಂಬಿಕಸ್ತರು. ಒಗೆದ ಮೇಲೆ ಬರೆಯುತ್ತಾರೆ. ‘ಇನ್ನು ಎರಡೇ ಉಳಿದಿವೆ’ ಎಂದು ಕೆಂಪಕ್ಷರದಲ್ಲಿ ಹೆದರಿಸುವುದಕ್ಕಂತೂ ಸೊಪ್ಪು ಹಾಕಬೇಡಿ. ಇಲ್ಲದ ಅವಸರ ಹುಟ್ಟಿಸುವುದನ್ನು ಕೇಂದ್ರ ಸರ್ಕಾರ 2023ರಲ್ಲಿ ಹದಿಮೂರು ಬಗೆಯ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ. ಪಟ್ಟಿ ಅದರ ಪಾಡಿಗಿದೆ, ಆ ಎರಡು ಅಂಗಿ ಅವುಗಳ ಪಾಡಿಗೆ ತಿಂಗಳುಗಟ್ಟಲೆ ಉಳಿದೇ ಇರುತ್ತವೆ.

ಇಷ್ಟು ಹೊತ್ತು ಗಂಡಸರ ಅಂಗಿಯನ್ನೇ ಹೊಗಳಿ ತೆಗಳಿ ಕೂತೆ. ತೋಟದಲ್ಲಿ ಅಡಿಕೆ ಹೆಕ್ಕುವವರು, ಹುಲ್ಲು ಹೆರೆಯುವವರು, ಗೊಬ್ಬರ ಹೊರುವವರು ಹೆಚ್ಚಾಗಿ ಹೆಂಗಸರು. ಅವರ ಕೆಲಸದ ಉಡುಪು ಎಂದರೆ ನೈಟಿ ಅಥವಾ ಸೀರೆ, ಅದರ ಮೇಲೆ ಗಂಡನದೋ ಅಣ್ಣನದೋ ಹಳೆಯ ತುಂಬು ತೋಳಿನ ಶರ್ಟು. ಯಾವ ಡಿಸೈನರೂ ಹೇಳಿಕೊಡದೆ ಹುಟ್ಟಿದ ಏರ್ಪಾಡು ಇದು. ನೈಟಿಯಲ್ಲಿ ಗಾಳಿ ಆಡುತ್ತದೆ, ಶರ್ಟು ಬಿಸಿಲು, ನುಸಿ, ಮುಳ್ಳು ತಡೆಯುತ್ತದೆ, ಜೇಬಿನಲ್ಲಿ ಮೊಬೈಲು ಮತ್ತು ಎಲೆಯಡಿಕೆಯ ಪೊಟ್ಟಣ ಕೂರುತ್ತದೆ. ಆನ್‌ಲೈನಿನಲ್ಲಿ ‘ವರ್ಕ್‌ವೇರ್’ ಎಂದು ಬರೆದು ‘ವಿಮೆನ್’ ಒತ್ತಿ ನೋಡಿ: ಬ್ಲೇಜರು, ಪೆನ್ಸಿಲ್ ಸ್ಕರ್ಟು, ಎಸಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದ ಹುಡುಗಿ. ಅವಳ ಬ್ಲೇಜರಿನ ಜೇಬು ಕೂಡ ಬರೀ ಹೊಲಿಗೆಯ ಗೆರೆ, ಕೈ ಹೋಗುವುದಿಲ್ಲ.

ನಮ್ಮಲ್ಲಿ ಕೆಲಸಕ್ಕೆ ಬರುವ ಒಬ್ಬಾಕೆ ನಾನು ಮೊಬೈಲು ತಿಕ್ಕುವುದನ್ನು ನೋಡಿ, ತನಗೂ ಒಂದು ತರಿಸಿ ಅಂದಳು. ಹಳೆಯದು ಬೇಡವಂತೆ, ಹೊಸದೇ, ತನ್ನ ಅಳತೆಯದೇ ಬೇಕು. ಎರಡು ಜೇಬಿರಬೇಕು, ಎರಡಕ್ಕೂ ಗುಂಡಿ ಇರಬೇಕು, ಬಗ್ಗಿದಾಗ ಫೋನು ತೋಡಿಗೆ ಬೀಳಬಾರದು. ತೋಳಿನ ಗುಂಡಿ ಬಿಗಿಯಾಗಿರಬೇಕು, ಭುಜ ಅಗಲ ಬೇಡ. ಬಣ್ಣ ಯಾವುದಾದರೂ ಆದೀತು, ಬಿಳಿಯೊಂದು ಬಿಟ್ಟು. ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಯಾವ ಕಂಪನಿಯ ಪುಟದಲ್ಲೂ ಓದಿಲ್ಲ. ಹೆಂಗಸರ ವಿಭಾಗದಲ್ಲಿ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಗಂಡುಮಕ್ಕಳ ವಿಭಾಗದಲ್ಲಿ, ಹದಿನಾಲ್ಕು ವರ್ಷದ ಹುಡುಗರ ಸಾಲಿನಲ್ಲಿ ಎರಡು ಜೇಬಿನದೊಂದು ಸಿಕ್ಕಿತು. ನೂರಿಪ್ಪತ್ತು ಜಿಎಸ್‌ಎಂ, ಪಾಪ್ಲಿನ್, ಬಣ್ಣ ಖಾಕಿ. ಗುರುವಾರ ಬರುತ್ತದಂತೆ. ನಮ್ಮ ಮನೆಯವರೆಗೆ ಗಾಡಿ ಬರುವುದಿಲ್ಲವಾದ್ದರಿಂದ ಬಸ್‌ಸ್ಟಾಪಿನ ಅಂಗಡಿಯಲ್ಲಿ ಕೊಟ್ಟುಹೋಗುತ್ತಾರೆ. ಎಳೆ ಸುಡುವ ಕೆಲಸ ತನ್ನ ಅಂಗಿಯ ಮೇಲೆ ನಡೆಯಕೂಡದೆಂದು ಆಕೆ ಮೊದಲೇ ಹೇಳಿಟ್ಟಿದ್ದಾಳೆ.