ಟಾಯರ್ ಮೇಲಿನ ನಾಲ್ಕು ಬೆರಳು

ಕಾರಿನ ಟಾಯರಿಗೂ ಅದರ ಮೇಲಿನ ಮಡ್‌ಗಾರ್ಡಿನ ಅಂಚಿಗೂ ನಡುವೆ ನಾಲ್ಕು ಬೆರಳು ಹಿಡಿಯುವಷ್ಟು ಜಾಗ ಇರುತ್ತದೆ. ನಮ್ಮಂಥವರು ಅದನ್ನು ಗಮನಿಸುವುದೇ ಇಲ್ಲ. ನಮ್ಮ ಅಕ್ಕನ ಮಗನಿಗೆ ಮಾತ್ರ ಆ ಜಾಗ ಕಣ್ಣಲ್ಲಿ ಬಿದ್ದ ಕಸದಂತೆ ಚುಚ್ಚುತ್ತಿತ್ತು. ಅಕ್ಕನ ಮನೆ ಹತ್ತರಗಿಯಲ್ಲಿದೆ. ಅಲ್ಲಿಯ ಟೋಲ್ ನಾಕಾದ ಬಳಿ ನಿಂತರೆ ಪುಣೆ-ಬೆಂಗಳೂರು ಹೆದ್ದಾರಿಯ ಎಲ್ಲ ನಮೂನೆಯ ಗಾಡಿಗಳೂ ಮೆಲ್ಲಗೆ ಮುಂದೆ ಹಾದುಹೋಗುತ್ತವೆ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಸಾಗುವ ಕಾರುಗಳನ್ನು ಅಲ್ಲಿಯೇ ನೋಡಿ ಅವನು ಮರುಳಾದದ್ದು.

ಊರಿನವರು ಇದನ್ನು ಶೋಕಿ ಎನ್ನುತ್ತಾರೆ. ಉರ್ದುವಿನ ಶೌಕ್ ಕನ್ನಡಕ್ಕೆ ಬರುವ ದಾರಿಯಲ್ಲಿ ಸ್ವಲ್ಪ ಮರ್ಯಾದೆ ಕಳೆದುಕೊಂಡಿತು. ಅಲ್ಲಿ ಅದು ಮನಸ್ಸಿನ ಹಂಬಲ, ಇಲ್ಲಿ ದುಡ್ಡು ದಂಡ ಮಾಡುವ ಚಟ. ಹುಡುಗನದು ಇವೆರಡರ ನಡುವಿನದು. ತಗ್ಗಿಸಿದ ಕಾರು ನೋಡಲು ಚೆಂದವೇ. ಭಾರ ನೆಲಕ್ಕೆ ಹತ್ತಿರವಾಗುವುದರಿಂದ ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂಬ ಅವನ ವಾದವೂ ಸುಳ್ಳಲ್ಲ.

ಅವನದು ಹಳೆಯ ಸ್ವಿಫ್ಟ್. ಗಡಿಯಾಚೆಯ ಒಂದು ಅಂಗಡಿಗೆ ಒಯ್ದ. ಅವರು ಗ್ರೈಂಡರಿನಿಂದ ನಾಲ್ಕೂ ಸ್ಪ್ರಿಂಗುಗಳ ಒಂದೂವರೆ ಸುತ್ತು ಕತ್ತರಿಸಿದರು, ಅಗಲದ ಅಲಾಯ್ ಚಕ್ರ ಜೋಡಿಸಿದರು. ಮನೆಗೆ ಬಂದವನೇ, "ಮಾಮೂ, ಈಗ ನೋಡ್ರಿ, ಒಂದು ಬೆರಳೂ ಹೋಗೂದಿಲ್ಲ" ಎಂದ. ಹೋಗಲೂ ಇಲ್ಲ.

ಟಾಯರಿನ ಮೈಮೇಲೆ ಬರೆದ ಅಂಕಿಗಳಲ್ಲಿ ಎಲ್ಲ ಲೆಕ್ಕವೂ ಇರುತ್ತದೆ. ಕಂಪನಿ ಕೊಟ್ಟದ್ದು 165/80 ಆರ್ 14. ಎಂದರೆ ಅಗಲ 165 ಮಿಲಿಮೀಟರ್, ಪಕ್ಕೆಯ ಎತ್ತರ ಅಗಲದ ನೂರಕ್ಕೆ 80 ಪಾಲು, ರಿಮ್ಮು 14 ಇಂಚು. ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. ಇವನು ಹಾಕಿಸಿದ್ದು 205/55 ಆರ್ 16, ಎತ್ತರ 632. ಮೇಲಕ್ಕೆ ಹೆಚ್ಚಿದ್ದು ಬರೀ ಆರು ಮಿಲಿಮೀಟರ್. ಆದರೆ ಅಗಲ 40 ಮಿಲಿಮೀಟರ್ ಹೆಚ್ಚಿತು. ಸಾಲದ್ದಕ್ಕೆ ಆಫ್‌ಸೆಟ್ ಎಂಬ ಇನ್ನೊಂದು ಅಂಕಿಯಿದೆ. ಚಕ್ರದ ನಡುಗೆರೆಯಿಂದ ನಟ್ಟು ಬಿಗಿಯುವ ಮುಖ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಅದು. 45 ಇರಬೇಕಾದಲ್ಲಿ 35 ಹಾಕಿದರೆ ಇಡೀ ಚಕ್ರ ಒಂದು ಸೆಂಟಿಮೀಟರ್ ಹೊರಕ್ಕೆ ಬರುತ್ತದೆ, ನೇರ ಮಡ್‌ಗಾರ್ಡಿನ ಅಂಚಿನ ಕೆಳಗೆ.

ಹತ್ತು ದಿನ ಏನೂ ಆಗಲಿಲ್ಲ. ಅವನೊಬ್ಬನೇ ಓಡಾಡುತ್ತಿದ್ದ.

ಹನ್ನೊಂದನೆಯ ದಿನ ಅಕ್ಕನ ಕಣ್ಣಿನ ಆಪರೇಷನ್ನಿಗೆ ಬೆಳಗಾವಿಗೆ ಹೊರಟೆವು. ಮುಂದೆ ನಾವು, ಹಿಂದೆ ಅಕ್ಕ, ಅವಳ ನಾದಿನಿ, ನಾದಿನಿಯ ಮಗಳು. ಡಿಕ್ಕಿಯಲ್ಲಿ ಹಾಸಿಗೆ, ನೀರಿನ ಕ್ಯಾನು, ಡಬ್ಬಿ. ಹೆದ್ದಾರಿ ಸೇರುವ ಮುಂಚೆಯೇ ಪ್ರತಿ ಕುಲುಕಿಗೂ ಹಿಂದಿನಿಂದ ಝರ್ ಎನ್ನತೊಡಗಿತು. "ಯಾರೋ ಬಟ್ಟಿ ಹರದಂಗ ಆಗ್ತೈತಲ್ಲೋ" ಎಂದಳು ಅಕ್ಕ. ಆಮೇಲೆ ಸುಟ್ಟ ರಬ್ಬರಿನ ವಾಸನೆ. ಇಳಿದು ನೋಡಿದರೆ ಹಿಂದಿನ ಎಡ ಟಾಯರಿನ ಹೊರಭುಜದ ಸುತ್ತಲೂ ಚಾಕುವಿನಿಂದ ಗೀರಿದಂತೆ ಒಂದು ಕಾಲುವೆ. ಮಡ್‌ಗಾರ್ಡಿನ ಒಳಮಗ್ಗುಲಿಗೆ ಮಡಚಿದ ತಗಡಿನ ಅಂಚು ಇರುತ್ತದೆ, ಅದರ ಕೆಲಸ. ಒಳಗಿನ ನೂಲು ಇನ್ನೇನು ಕಾಣುವಂತಿತ್ತು. ಎಂಬತ್ತರ ವೇಗದಲ್ಲಿ ಅದು ಒಡೆದಿದ್ದರೆ ಎಂದು ಹುಡುಗ ಆ ದಿನವೆಲ್ಲ ಮಾತೇ ಆಡಲಿಲ್ಲ. ಅಕ್ಕನನ್ನು ಬಾಡಿಗೆ ಗಾಡಿಯಲ್ಲಿ ಕರೆದೊಯ್ದೆವು, ಆಪರೇಷನ್ ಸುಸೂತ್ರವಾಯಿತು.

ಹೆದ್ದಾರಿ ಬದಿಯ ಗ್ಯಾರೇಜಿನ ಉಸ್ತಾದ್ ಲಾರಿಗಳ ಕಾಲದವರು. ಬೈಯಲಿಲ್ಲ. ಟಾಯರಿನ ಭುಜಕ್ಕೆ ಸೀಮೆಸುಣ್ಣ ಬಳಿದು, ಗ್ಯಾರೇಜಿನ ನಾಲ್ಕು ಹುಡುಗರನ್ನು ಒಳಗೆ ಕೂರಿಸಿ, ಅಲ್ಲಿಯೇ ಒಂದು ಸುತ್ತು ಹಾಕಿಸಿದರು. ಸುಣ್ಣ ಎಲ್ಲಿ ಅಳಿಸಿತ್ತೋ ಅಲ್ಲಿ ತಗಡು ತಾಗುತ್ತದೆ. "ಬೇಟಾ, ಖಾಲಿ ಗಾಡಿ ಅಳೀಬಾರ್ದು. ಮಂದಿ ಕುಂತಮ್ಯಾಲೆ ಅಳೀಬೇಕು" ಎಂದರು.

ಆ ನಾಲ್ಕು ಬೆರಳು ಖಾಲಿ ಜಾಗವೇ ಅಲ್ಲ ಎಂಬುದು ನಮಗೂ ಆಗಲೇ ಹೊಳೆದದ್ದು. ಹಿಂದಿನ ಸೀಟಿನಲ್ಲಿ ಕೂರುವ ಮೂವರಿಗಾಗಿ, ಡಿಕ್ಕಿಯ ಹಾಸಿಗೆಗಾಗಿ, ದಾರಿಯ ಗುಂಡಿಗಾಗಿ ಕಂಪನಿಯವರು ಬಿಟ್ಟ ಪಾಲು ಅದು. ನಮ್ಮ ಕಡೆಯ ದಾರಿಗಂತೂ ಅದೂ ಸಾಲದು. ವೇಗತಡೆಯ ಉಬ್ಬು ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಅಷ್ಟೇ ಎತ್ತರವನ್ನು ಒಂದು ಮೊಳದ ಅಗಲದಲ್ಲಿ ಕೂರಿಸಿರುತ್ತಾರೆ. ಹಂಗಾಮಿನಲ್ಲಿ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳು ಕೊರೆದ ಗಾಲಿಜಾಡು ಬೇರೆ.

ಅಂಚನ್ನೇ ಮಡಚಿಬಿಡಿ ಎಂದು ಹುಡುಗ ಕೇಳಿದ. ಆ ಕೆಲಸ ಇದೆ. ಬಿಸಿಗಾಳಿಯಿಂದ ಬಣ್ಣ ಮೆದುವಾಗಿಸಿ, ರೋಲರ್ ಒತ್ತಿ ಆ ತಗಡನ್ನು ಒಳಕ್ಕೆ ಮಲಗಿಸುತ್ತಾರೆ. ಅವಸರ ಮಾಡಿದರೆ ಬಣ್ಣ ಬಿರಿದು ಮೊದಲ ಮಳೆಗೇ ತುಕ್ಕು. ಅದರಿಂದ ಕೆಲವು ಮಿಲಿಮೀಟರ್ ಸಿಗುತ್ತದೆ, ತಕ್ಕ ಗಟ್ಟಿತನದ ಗಿಡ್ಡ ಸ್ಪ್ರಿಂಗು, ಸರಿಯಾದ ಆಫ್‌ಸೆಟ್ಟಿನ ಚಕ್ರ ಇದ್ದವರಿಗೆ ಅಷ್ಟು ಸಾಕಾಗಲೂಬಹುದು. ಇವನದು ಕತ್ತರಿಸಿದ ಸ್ಪ್ರಿಂಗು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಬಿರುಸಾಗುತ್ತದೆ, ಗಾಡಿ ಒದೆಯುತ್ತದೆ. ಚಕ್ರ ಗುಂಡಿಗೆ ಜೋತಾಗ ಗಿಡ್ಡ ಸ್ಪ್ರಿಂಗು ತನ್ನ ಬಟ್ಟಲಿನಿಂದ ಜಾರಲೂಬಹುದು. ಉಸ್ತಾದ್ ಒಪ್ಪಲಿಲ್ಲ.

ಕಾನೂನಿನ ಮಾತನ್ನು ನಾವು ಸೇರಿಸಿದೆವು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹುಡುಗನಿಗೆ ಇದೆಲ್ಲ ಅಷ್ಟಾಗಿ ತಟ್ಟಿದಂತೆ ಕಾಣಲಿಲ್ಲ. ಅವನು ಆ ಟಾಯರಿನ ಗೀರನ್ನೇ ನೋಡುತ್ತಿದ್ದ.

ಹೊಸ ಕಂಪನಿ ಸ್ಪ್ರಿಂಗು ಬಂದವು, ಹಳೆಯ ರಿಮ್ಮು ಅಟ್ಟದಿಂದ ಇಳಿದವು, ಅಲೈನ್‌ಮೆಂಟ್ ಆಯಿತು. ಅಲಾಯ್ ಚಕ್ರ ಅರ್ಧ ಬೆಲೆಗೆ ಹೋದವು. ಕತ್ತರಿಸಿದ ಸ್ಪ್ರಿಂಗುಗಳನ್ನು ಕೊಳ್ಳಲು ಸಂಕೇಶ್ವರದ ಒಬ್ಬ ಹುಡುಗ ಬಂದಿದ್ದ. ಉಸ್ತಾದ್ ಕೊಡಗೊಡಲಿಲ್ಲ. ಗ್ಯಾಸ್ ಕಟರ್ ಹಚ್ಚಿ ಒಂದೊಂದನ್ನೂ ಎರಡೆರಡು ತುಂಡು ಮಾಡಿ ಗುಜರಿ ಗೋಣಿಗೆ ಎಸೆದರು. ಅಕ್ಕನ ಮಗ ಅಷ್ಟು ಹೊತ್ತೂ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ.