ಮನೆಯೊಳಗೇ ಕಳೆದುಹೋದ ನಾಣ್ಯ

ನಾವಿಬ್ಬರು ದೇವರಿಂದ ದೂರ ಸರಿದದ್ದು ಯಾವಾಗ ಎಂದು ಕೇಳಿದರೆ ಹೇಳಲು ನಮ್ಮ ಬಳಿ ದಿನಾಂಕವಿಲ್ಲ. ಜಗಳವಾಗಲಿಲ್ಲ, ವಾದವಾಗಲಿಲ್ಲ, ನಾಸ್ತಿಕವಾದದ ಪುಸ್ತಕ ಓದಿ ಕಣ್ಣು ತೆರೆದದ್ದೂ ಅಲ್ಲ. 1998ರಲ್ಲಿ ಬೆಟಗೇರಿಯಿಂದ ಅಹಮದಾಬಾದಿಗೆ ಬಂದಾಗ ಟ್ರಂಕಿನಲ್ಲಿ ಎಲ್ಲಕ್ಕೂ ಮೇಲೆ ಸತ್ಯವೇದವಿತ್ತು, ಸಂಗೀತದ ಪುಸ್ತಕವಿತ್ತು. ಸತ್ಯವೇದದ ನಡುವೆ ನಮ್ಮ ಸಭಾಪಾಲಕರು ಬರೆದುಕೊಟ್ಟ ಪತ್ರವೊಂದಿತ್ತು. ಈ ಕುಟುಂಬ ನಮ್ಮ ಸಭೆಯ ಸದಸ್ಯರು, ಅಲ್ಲಿ ಇವರನ್ನು ಸೇರಿಸಿಕೊಳ್ಳಬೇಕು ಎಂಬ ಪತ್ರ. ಮೂರು ವರ್ಷಗಳ ಅನಂತರ ಬಾಡಿಗೆಮನೆ ಬದಲಿಸುವಾಗ ಇವೆಲ್ಲ ಅದೇ ಟ್ರಂಕಿನ ತಳದಲ್ಲಿ, ರಗ್ಗುಗಳ ಕೆಳಗೆ ಸಿಕ್ಕವು. ಮೇಲಿನಿಂದ ಕೆಳಕ್ಕೆ ಅವು ಯಾವಾಗ ಇಳಿದವೋ ನೆನಪಿಲ್ಲ. ಇಳಿಸಿದವರಂತೂ ನಾವೇ.

ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆ ಸಭೆಯ ಮಕ್ಕಳು ನಾವು. ಮಗ್ಗದ ಸದ್ದು, ಜರ್ಮನ್ ದವಾಖಾನೆ, ಭಾನುವಾರದ ಗಂಟೆ, ಇವುಗಳ ನಡುವೆ ಬೆಳೆದವರಿಗೆ ವಿಶ್ವಾಸವೆಂಬುದು ತಾವಾಗಿ ಆಯ್ದುಕೊಂಡ ವಸ್ತುವಾಗಿರಲಿಲ್ಲ, ಓಣಿಯ ವೇಳಾಪಟ್ಟಿಯಾಗಿತ್ತು. ಒಂದು ಭಾನುವಾರ ದೇವಾಲಯದಲ್ಲಿ ಕಾಣದಿದ್ದರೆ ಸಂಜೆಯೊಳಗೆ ಯಾರಾದರೂ ಮನೆಗೆ ಬಂದು, ಜ್ವರ ಬಂದಿದೆಯೇ ಎಂದು ವಿಚಾರಿಸುತ್ತಿದ್ದರು. ಆಗ ಅದು ಕಿರಿಕಿರಿಯೆನಿಸುತ್ತಿತ್ತು. ಹೊರನಾಡಿಗೆ ಬಂದ ಮೇಲೆ ತಿಳಿಯಿತು, ನಮ್ಮ ಭಕ್ತಿಯ ಅರ್ಧದಷ್ಟು ಭಾರವನ್ನು ಆ ವಿಚಾರಿಸುವವರೇ ಹೊತ್ತಿದ್ದರೆಂದು.

ಅಹಮದಾಬಾದಿನಲ್ಲಿ ಯಾರೂ ವಿಚಾರಿಸಲಿಲ್ಲ. ನಾರೋಲಿನ ಬಟ್ಟೆ ಸಂಸ್ಕರಣೆಯ ಕಾರ್ಖಾನೆಯಲ್ಲಿ ವಾರದ ರಜೆ ಬುಧವಾರ. ಮೊದಮೊದಲು ಭಾನುವಾರ ಬಿಡುವು ಬೇಡಿಕೊಂಡು ಗುಜರಾತಿ ಆರಾಧನೆಗೆ ಹೋದೆವು, ಭಾಷೆ ತಿಳಿಯಲಿಲ್ಲ. ಇಂಗ್ಲಿಷ್ ಆರಾಧನೆಗೆ ಹೋದೆವು. ಪರವೂರಿನ ಮದುವೆಗೆ ಹೋದಂತಾಯಿತು. ನೆರೆಯ ಮಲಯಾಳಿ ಕುಟುಂಬ ಪ್ರೀತಿಯಿಂದ ತಮ್ಮ ಸಭೆಗೆ ಕರೆದೊಯ್ದಿತು, ಅಲ್ಲಿಯೂ ಅತಿಥಿಗಳೇ. ನಮ್ಮ ಕನ್ನಡದಲ್ಲಿ ಪ್ರಾರ್ಥಿಸಲು ಈ ಊರಿನಲ್ಲಿ ಜಾಗವಿಲ್ಲ ಎಂಬ ದೂರು ಆರಂಭದಲ್ಲಿ ನಿಜವಾಗಿತ್ತು. ಆದರೆ ಎರಡು ವರ್ಷಗಳಲ್ಲಿ ನಾವು ತರಕಾರಿಯವನೊಡನೆ ಗುಜರಾತಿಯಲ್ಲಿ ಚೌಕಾಶಿ ಮಾಡತೊಡಗಿದ್ದೆವು, ಲೆಕ್ಕಪತ್ರ ಗುಜರಾತಿಯಲ್ಲೇ ಓದುತ್ತಿದ್ದೆವು. ದೂರು ಸತ್ತುಹೋದ ಮೇಲೂ ಅದನ್ನು ಇಪ್ಪತ್ತು ವರ್ಷ ಹೊತ್ತು ತಿರುಗಿದೆವು. ಮುಂದೆ ರಜೆ ಭಾನುವಾರಕ್ಕೇ ಬಂದಾಗ ಆ ಬೆಳಗು ಫಾಫಡಾ, ಜಿಲೇಬಿ ಮತ್ತು ಪತ್ರಿಕೆಯದಾಯಿತು.

ಇದಕ್ಕೆ ನಾವು ಚೆಂದದ ಹೆಸರನ್ನೂ ಇಟ್ಟಿದ್ದೆವು: ವಿಶಾಲ ಮನೋಭಾವ. ನವರಾತ್ರಿಯ ಗರ್ಬಾಕ್ಕೆ ಹೋಗುತ್ತಿದ್ದೆವು, ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಸರ್ವಜ್ಞನ ಕುರಿತು ಮಾತನಾಡುತ್ತಿದ್ದೆವು, ಒಂದು ಮತದ ಬೇಲಿಯನ್ನು ದಾಟಿದವರೆಂದು ಒಳಗೊಳಗೇ ಬೀಗುತ್ತಿದ್ದೆವು. ಆ ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿ ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪನವರು, ನಮ್ಮದೇ ಬಾಸೆಲ್ ಮಿಷನ್ನಿನ ಸಭಾಪಾಲಕರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ವಚನ ಸಾಹಿತ್ಯದಲ್ಲಿ ಅವರಷ್ಟು ಆಳಕ್ಕೆ ಇಳಿದ ಕ್ರೈಸ್ತರು ವಿರಳ. ಆದರೂ ಅವರು ಕ್ರಿಸ್ತನನ್ನು ಬಿಟ್ಟು ಅಲ್ಲಿಗೆ ಹೋದವರಲ್ಲ. ಅವರ ವೈಶಾಲ್ಯಕ್ಕೆ ನಿಲ್ಲಲು ಒಂದು ನೆಲವಿತ್ತು. ನಮ್ಮದು ಬರಿಯ ಆಲಸ್ಯ. ಅದಕ್ಕೆ ಉತ್ತಂಗಿಯವರ ಅಂಗಿ ತೊಡಿಸಿದ್ದೆವು.

ನಡುವೆ ಎರಡು ಸಲ ಎಚ್ಚರವಾದದ್ದುಂಟು. 2001ರ ಜನವರಿ 26ರ ಬೆಳಗ್ಗೆ ಭೂಮಿ ನಡುಗಿ ಈ ನಗರದ ಎಷ್ಟೋ ಬಹುಮಹಡಿ ಕಟ್ಟಡಗಳು ಕುಸಿದವು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ನಮ್ಮಿಬ್ಬರ ಬಾಯಿಂದಲೂ ಬಂದದ್ದು ಕರ್ತನ ಪ್ರಾರ್ಥನೆ. ಬಯಲಿನಲ್ಲಿ ಮಲಗಿದ ರಾತ್ರಿಗಳಲ್ಲಿ ದಿನವೂ ಪ್ರಾರ್ಥಿಸಿದೆವು. ಮನೆಯೊಳಗೆ ಮಲಗುವ ಧೈರ್ಯ ಬಂದ ವಾರವೇ ಅದು ನಿಂತಿತು. ಭಯದಿಂದ ಹುಟ್ಟಿದ ಭಕ್ತಿ ಭಯದೊಡನೆಯೇ ಇಳಿದುಹೋಯಿತು. ಸತ್ತವರೇಕೆ ಸತ್ತರು, ನಾವೇಕೆ ಉಳಿದೆವು ಎಂಬ ಪ್ರಶ್ನೆ ಮಾತ್ರ ಉಳಿಯಿತು, ಈಗಲೂ ಉಳಿದಿದೆ.

ಎರಡನೆಯದು 2020ರ ಮೇ ತಿಂಗಳು. ಬೆಟಗೇರಿಯಲ್ಲಿ ಅಪ್ಪ ತೀರಿಕೊಂಡರು. ಲಾಕ್‌ಡೌನ್, ರೈಲಿಲ್ಲ. ಕಾಕಾನ ಫೋನಿನಲ್ಲಿ ಸಮಾಧಿಯ ಆರಾಧನೆ ಕೇಳಿದೆವು. ಅಲ್ಲಿ ನಿಂತ ಹತ್ತೆಂಟು ಜನ ಹಾಡತೊಡಗಿದಾಗ ನಾವೂ ಬಾಯಿ ತೆರೆದೆವು. ಮೊದಲ ಚರಣ ಬಂತು. ಎರಡನೆಯದು ಬರಲಿಲ್ಲ. ಬಾಲ್ಯದಲ್ಲಿ ನಿದ್ದೆಗಣ್ಣಿನಲ್ಲೂ ಹಾಡುತ್ತಿದ್ದ ಹಾಡು. ರಾಗವನ್ನಷ್ಟೇ ಗುನುಗುತ್ತ ಅಪ್ಪನನ್ನು ಮಣ್ಣಿಗೆ ಕಳಿಸಿದೆವು.

2022ರ ಬೇಸಿಗೆಯಲ್ಲಿ ಅವ್ವ ನಮ್ಮ ಮನೆಗೆ ಬಂದರು. ಬಂದ ಮೊದಲ ಶನಿವಾರ ರಾತ್ರಿ ಅವರು ಕೇಳಿದ್ದು ಒಂದೇ: “ನಾಳೆ ಗುಡಿ ಎಷ್ಟಕ್ಕ ಶುರು?” ಅವರಿಗೆ ನಾವು ಹೋಗುತ್ತೇವೆಯೇ ಎಂಬ ಸಂದೇಹವೇ ಇರಲಿಲ್ಲ; ಅಥವಾ ಇದ್ದರೂ ತೋರಿಸಿಕೊಳ್ಳಲಿಲ್ಲ. ಇಲ್ಲಿ ಗುಜರಾತಿ ನಡೆಯುತ್ತದೆ, ನಿಮಗೆ ತಿಳಿಯುವುದಿಲ್ಲ ಎಂದೆವು. “ಎದ್ದು ನಿಂದ್ರೋದು, ಕೂಡೋದು ತಿಳಿತೈತಲ್ಲ” ಎಂದರು.

ಹೀಗೆ ಪ್ರತಿ ಭಾನುವಾರ ಅವರನ್ನು ದೇವಾಲಯದ ಬಾಗಿಲವರೆಗೆ ಬಿಟ್ಟು, ನಾವು ಎದುರಿನ ಕೀಟಲಿಯಲ್ಲಿ ಕುಳಿತು ಕಾಯತೊಡಗಿದೆವು. (ಚಹದ ಗಾಡಿಯನ್ನು ಈ ಊರಿನಲ್ಲಿ ಕೀಟಲಿ ಎನ್ನುತ್ತಾರೆ, ಅರ್ಧ ಕಪ್ಪು ಬೇಕಾದರೆ ‘ಅಡಧೀ’ ಎನ್ನಬೇಕು.) ಗುಜರಾತಿಯ ಒಂದಕ್ಷರ ಬಾರದ ಮುದುಕಿ ಒಳಗೆ, ಪ್ರತಿ ಪದವೂ ತಿಳಿಯುವ ನಾವು ಹೊರಗೆ. ಧ್ವನಿವರ್ಧಕ ಎಲ್ಲವನ್ನೂ ನಮಗೂ ಕೇಳಿಸುತ್ತಿತ್ತು. ಒಂದು ದಿನ ನೂರನೆಯ ಕೀರ್ತನೆಯ ಹಳೆಯ ರಾಗ ಕೇಳಿಬಂತು, 1551ರಲ್ಲಿ ಜಿನೀವಾದ ಕೀರ್ತನೆಗಳ ಪುಸ್ತಕದಲ್ಲಿ ಅಚ್ಚಾದ ರಾಗ. ಬೆಟಗೇರಿಗೆ ಅದನ್ನು ತಂದವರು ಬಾಸೆಲ್ಲಿನವರು. ಗುಜರಾತಿಗೆ ಐರಿಷ್ ಪ್ರೆಸ್ಬಿಟೇರಿಯನ್ ಮಿಷನರಿಗಳು ಬಂದದ್ದೂ 1841ರಲ್ಲೇ. ಇಲ್ಲಿ ಅವರೇ ಕಲಿಸಿರಬೇಕು. ಅವ್ವ ಒಳಗೆ ಕನ್ನಡದಲ್ಲೇ ಹಾಡುತ್ತಿದ್ದಾರೆಂದು ನಮಗೆ ಗೊತ್ತಿತ್ತು.

ಮತ್ತೊಂದು ಭಾನುವಾರ ಪಾಲಕರು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ಮೇಲೆ ಮಾತನಾಡಿದರು. ತಪ್ಪಿಹೋದ ಮಗನ ಕಥೆ ನಮ್ಮನ್ನು ಎಂದೂ ತಟ್ಟಿದ್ದಲ್ಲ. ಅವನಿಗೆ ಹೇಳಿಕೊಳ್ಳಲು ಕಥೆಯಾದರೂ ಇತ್ತು: ದೂರದೇಶ, ದುಂದುಗಾರಿಕೆ, ಬರಗಾಲ, ಹಂದಿಗಳು. ನಮಗೇನಿತ್ತು? ಸಂಬಳ ಏರಿತ್ತು, ಫ್ಲ್ಯಾಟಿನ ಸಾಲ ತೀರಿತ್ತು. ಆದರೆ ಅದೇ ಅಧ್ಯಾಯದಲ್ಲಿ ಆ ಮಗನಿಗೂ ಮೊದಲು ಒಂದು ನಾಣ್ಯ ಬರುತ್ತದೆ. ಅದು ಕಳೆದುಹೋಗುವುದು ಮನೆಯೊಳಗೇ. ತಾನು ಕಳೆದಿದ್ದೇನೆಂದು ಅದಕ್ಕೆ ತಿಳಿಯದು, ಹಸಿವಾಗದು, ಎದ್ದು ಮನೆಗೆ ನಡೆಯಲೂ ಬಾರದು. ಹೆಂಗಸೊಬ್ಬಳು ದೀಪ ಹಚ್ಚಿ ಕಸಗುಡಿಸುತ್ತಾಳೆ. ಕೀಟಲಿಯ ಬೆಂಚಿನ ಮೇಲೆ ಕುಳಿತು ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಮಳೆಗಾಲದಲ್ಲಿ ಅವ್ವನ ಮೊಣಕಾಲು ಕೆಟ್ಟಿತು. ಪ್ರಭುಭೋಜನದ ದಿನ ಕೈಹಿಡಿದು ಮುಂದಕ್ಕೆ ಕರೆದೊಯ್ಯಲು ನಾವೇ ಒಳಗೆ ಹೋಗಬೇಕಾಯಿತು. ಅವರು ಕೈಯೊಡ್ಡಿದರು. ಪಾಲಕರು ರೊಟ್ಟಿಯನ್ನು ನಮ್ಮ ಕಡೆಗೂ ಚಾಚಿದರು. ಅಯೋಗ್ಯವಾಗಿ ತಿನ್ನುವವರ ಕುರಿತು ಪೌಲನು ಕೊರಿಂಥದವರಿಗೆ ಬರೆದದ್ದು ಬಾಲ್ಯದಲ್ಲಿ ನಮ್ಮನ್ನು ಹೆದರಿಸಿತ್ತು. ಇಷ್ಟು ವರ್ಷಗಳ ಅನಂತರ ಆ ಹೆದರಿಕೆಯೇ ಮೊದಲು ಮರಳಿತು. ತಲೆತಗ್ಗಿಸಿ ಹಿಂದೆ ಸರಿದೆವು. ಆಟೊದಲ್ಲಿ ಅವ್ವ ಬಹಳ ಹೊತ್ತು ಸುಮ್ಮನಿದ್ದರು.

“ಊಟಕ್ಕ ಕರದ ಮನ್ಯಾಗ ಹಸಿವಿಲ್ಲ ಅನಬಾರದು.”

“ಹಸಿವಿಲ್ಲ ಅಂದಿಲ್ಲವ್ವಾ. ಕೈ ತೊಳದಿಲ್ಲ ಅಂದ್ವಿ.”

“ಹಂಗಾರ ತೊಳಕೊಂಡು ಬರ್ರಿ. ಬ್ಯಾಡ ಅಂದಾರ ಯಾರು?”

ಆ ರಾತ್ರಿ ಟ್ರಂಕು ತೆಗೆದೆವು. ಪತ್ರ ಸತ್ಯವೇದದಲ್ಲೇ ಇತ್ತು, ಮಡಿಕೆಗಳಲ್ಲಿ ಹಳದಿಯಾಗಿ. ಸಹಿ ಮಾಡಿದ ಸಭಾಪಾಲಕರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅದನ್ನು ಹಿಡಿದು ಮರುವಾರ ಪಾಲಕರ ಮನೆಗೆ ಹೋದೆವು. ನಮ್ಮ ಸಂದೇಹಗಳನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡದ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಏನು ಬರೆದಿದೆಯೆಂದು ಓದಿಸಿ ಕೇಳಿದರು. ದಿನಾಂಕ ಕೇಳಿ ನಕ್ಕರು. “ಅಂಚೆ ಸ್ವಲ್ಪ ತಡವಾಯಿತು” ಎಂದು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರು. ನಾವು ಅಳುತ್ತೇವೆಂದು ನಾವೇ ಎಣಿಸಿದ್ದೆವು, ಅಳು ಬರಲಿಲ್ಲ.

ಗುಜರಾತಿ ಬೈಬಲಿನಲ್ಲಿ ಸ್ನಾನಿಕ ಯೋಹಾನನ ಕರೆಗೆ ‘ಪಸ್ತಾವೊ’ ಎಂಬ ಪದವಿದೆ, ಪಶ್ಚಾತ್ತಾಪ. ಅವ್ವನ ಕನ್ನಡ ಸತ್ಯವೇದದಲ್ಲಿ ಅದೇ ಜಾಗದಲ್ಲಿರುವುದು ದೇವರ ಕಡೆಗೆ ‘ತಿರುಗಿಕೊಳ್ಳುವ’ ಮಾತು. ಹೀಬ್ರೂ ಪ್ರವಾದಿಗಳು ಬಳಸಿದ ‘ಶೂವ್’ ಎಂಬ ಕ್ರಿಯಾಪದದ ಅರ್ಥವೂ ತಿರುಗು, ಮರಳು ಎಂದೇ. ಪಶ್ಚಾತ್ತಾಪಕ್ಕೆ ಎದೆ ಕರಗಬೇಕು. ನಮ್ಮ ಎದೆ ಹೇಳಿದಾಗ ಕರಗುವಂಥದ್ದಲ್ಲ. ತಿರುಗುವುದಕ್ಕೆ ಕಾಲು ಸಾಕು. ನಮಗೆ ಕನ್ನಡದ ಪದವೇ ಹೆಚ್ಚು ದಯೆಯುಳ್ಳದ್ದೆಂದು ತೋರುತ್ತದೆ.

ಈಗ ಮೂವರೂ ಒಳಗೆ ಕೂಡುತ್ತೇವೆ. ಮನಸ್ಸು ಎಷ್ಟೋ ಸಲ ಕೀಟಲಿಯ ಬೆಂಚಿನಲ್ಲೇ ಇರುತ್ತದೆ. ಮರೆತ ಹಾಡನ್ನು ಅವ್ವನಿಂದ ಮತ್ತೆ ಕಲಿತಿದ್ದೇವೆ; ಎರಡನೆಯ ಚರಣದಲ್ಲಿ ಇನ್ನೂ ತೊದಲುತ್ತೇವೆ. ಪುಣೆಯಲ್ಲಿರುವ ಮಗಳು, ನಾವು ದೀಪವಾರಿಸಿದ ಮನೆಯಲ್ಲಿ ಬೆಳೆದವಳು, ಕಳೆದ ದೀಪಾವಳಿಗೆ ಬಂದಾಗ ನೇರವಾಗಿ ಕೇಳಿದಳು: “ನೀವು ನಂಬ್ತೀರಾ, ಇಲ್ಲಾ ಅಜ್ಜಿಗೆ ಜೊತೆಯಾಗಿ ಹೋಗ್ತೀರಾ?”

ಒಬ್ಬರು ನಂಬುತ್ತೇವೆ ಎಂದರು. ಇನ್ನೊಬ್ಬರು ಗೊತ್ತಿಲ್ಲ ಎಂದರು. ಮರುವಾರ ಅದೇ ಪ್ರಶ್ನೆಯನ್ನು ನಮ್ಮನಮ್ಮಲ್ಲೇ ಕೇಳಿಕೊಂಡಾಗ ಉತ್ತರಗಳು ಅದಲುಬದಲಾಗಿದ್ದವು. ಅಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆಟೊದವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ.