ಕರಾಕಸ್‌ನ ಮೋಡಮಂಟಪ

ದಕ್ಷಿಣ ಅಮೆರಿಕದ ಉತ್ತರದಂಚಿನಲ್ಲಿರುವ ವೆನಿಜುವೆಲಾ ದೇಶದ ರಾಜಧಾನಿ ಕರಾಕಸ್. ಆವಿಲಾ ಪರ್ವತದ ತಪ್ಪಲಲ್ಲಿ ನೀಳವಾಗಿ ಚಾಚಿಕೊಂಡ ಕಣಿವೆಯೊಂದರಲ್ಲಿ ಈ ನಗರ ನೆಲೆಸಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಎತ್ತರದಲ್ಲಿ ಬೆಂಗಳೂರಿಗೆ ಸರಿಜೋಡಿಯೆಂದೇ ಹೇಳಬಹುದು. ಬಿಸಿಲು ಎಷ್ಟೇ ತೀಕ್ಷ್ಣವಾಗಿರಲಿ, ಇಲ್ಲಿಯ ಕೇಂದ್ರೀಯ ವಿಶ್ವವಿದ್ಯಾನಿಲಯದ ಆವರಣವನ್ನು ಹೊಕ್ಕವನಿಗೆ ಕೊಡೆಯ ಅಗತ್ಯ ಬೀಳದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಾಂಕ್ರೀಟಿನ ಮಾಡು ಹೊದೆಸಿದ ನಡೆಹಾದಿಗಳು ನೆರಳನ್ನು ಹಾಸಿಕೊಂಡೇ ಕರೆದೊಯ್ಯುತ್ತವೆ. ಹೀಗೆ ಸಾಗುತ್ತ ಸಾಗುತ್ತ ಯಾತ್ರಿಕನು 'ಮಾಡಿನ ಚೌಕ'ವೆಂಬ ವಿಶಾಲವಾದ ತಾಣವನ್ನು ಸೇರುತ್ತಾನೆ.

ಪ್ಯಾರಿಸಿನ ಕಲೆಯೇ ಇಲ್ಲಿಗೆ ಬಂದು ಬೀಡುಬಿಟ್ಟಂತಿದೆ. ಫೆರ್ನಾಂ ಲೆಜೆಯವರ ಭಿತ್ತಿಕೃತಿ ಒಂದೆಡೆ. ಜೀನ್ ಆರ್ಪ್ ಅವರ 'ಮೋಡ ಕಾಯುವ ಕುರುಬ'ನೆಂಬ ಕಂಚಿನ ಶಿಲ್ಪ ಇನ್ನೊಂದೆಡೆ. ಅನತಿದೂರದಲ್ಲಿ ಆನ್ರಿ ಲೊರಾನ್ಸ್ ಅವರ 'ಆಂಫಿಯಾನ್'. ಲೈರ್ ಎಂಬ ತಂತಿವಾದ್ಯವನ್ನು ನುಡಿಸಿ, ಕಲ್ಲುಗಳು ತಾವಾಗಿಯೇ ಬಂದು ಒಂದರ ಮೇಲೊಂದು ಕೂರುವಂತೆ ಮಾಡಿ, ಥೀಬ್ಸ್ ನಗರದ ಕೋಟೆಯನ್ನು ಕಟ್ಟಿದನೆಂದು ಗ್ರೀಕರು ಹೇಳುವ ವೀರ ಈತ. ನಾದದಿಂದ ಕೋಟೆ ಕಟ್ಟಿದವನನ್ನು ನಾದಕ್ಕಾಗಿ ಕಟ್ಟಿದ ಭವನದ ಹೊರಗೆ ನಿಲ್ಲಿಸಿದವರ ರಸಿಕತೆಯನ್ನು ಮೆಚ್ಚಲೇಬೇಕು. ಆ ಭವನದ ಹೆಸರು 'ಔಲಾ ಮಾಗ್ನಾ', ಮಹಾಸಭಾಂಗಣವೆಂದರ್ಥ.

ಬಾಗಿಲು ದಾಟಿದವನ ಕಾಲು ತಾನಾಗಿ ನಿಲ್ಲುತ್ತದೆ, ಕತ್ತು ತಾನಾಗಿ ಮೇಲೆತ್ತುತ್ತದೆ. ಸುಮಾರು 2,700 ಜನ ಕೂರಬಲ್ಲ ಒಳಾಂಗಣ ಬೀಸಣಿಗೆಯಂತೆ ಬಿಚ್ಚಿಕೊಂಡಿದೆ. ನಡುವೆ ಒಂದು ಕಂಬವೂ ಅಡ್ಡವಿಲ್ಲ. ಮಾಡನ್ನು ಹೊತ್ತ ಕಾಂಕ್ರೀಟಿನ ಪಕ್ಕೆಲುಬುಗಳೆಲ್ಲ ಕಟ್ಟಡದ ಹೊರಗೇ ಉಳಿದಿವೆ. ಆದರೆ ಕಣ್ಣು ಅರಸುವುದು ಇದಾವುದನ್ನೂ ಅಲ್ಲ. ಛಾವಣಿಯ ತುಂಬ ಹಳದಿ, ನೀಲಿ, ಕಂದು, ಬಿಳಿ ಬಣ್ಣದ ದೊಡ್ಡ ದೊಡ್ಡ ಹಲಗೆಗಳು ಒಂದೊಂದು ಕೋನದಲ್ಲಿ ವಾಲಿಕೊಂಡು ತೇಲುತ್ತಿವೆ! ಎರಡರ ಆಕಾರ ಒಂದೇ ತೆರನಲ್ಲ; ಒಂದು ಎಲೆಯಂತೆ, ಒಂದು ನದಿಯ ಉರುಟುಗಲ್ಲಿನಂತೆ. ಛಾವಣಿಯಲ್ಲಿ 22, ಎರಡು ಪಕ್ಕದ ಗೋಡೆಗಳಲ್ಲಿ 9, ಒಟ್ಟು 31. ಜನ ಇವನ್ನು ಮೋಡಗಳೆಂದೂ ಹಾರುವ ತಟ್ಟೆಗಳೆಂದೂ ಕರೆದರು. ಅಲಂಕಾರಕ್ಕಾಗಿ ತೂಗುಹಾಕಿದವೆಂದು ಭಾವಿಸಿದವನು ಮೋಸಹೋದಂತೆಯೇ ಸರಿ.

ಈ ವಿದ್ಯಾನಗರಿಯ ವಾಸ್ತುಶಿಲ್ಪಿ ಕಾರ್ಲೋಸ್ ರಾವುಲ್ ವಿಯಾನುಯೆವಾ. 1900ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಓದಿ, ತಂದೆಯ ನಾಡಿಗೆ ಮರಳಿದವರು. ಹಳೆಯ ಜಮೀನ್ದಾರಿ ತೋಟವೊಂದರ ನೆಲದಲ್ಲಿ 1940ರ ದಶಕದಲ್ಲಿ ಆರಂಭವಾದ ಈ ಕೆಲಸವೇ ಅವರ ಬಾಳಿನ ಮಹತ್ಕಾರ್ಯವಾಯಿತು. ಚಿತ್ರ, ಶಿಲ್ಪ, ವಾಸ್ತು ಮೂರೂ ಬೇರೆ ಬೇರೆಯಾಗಿ ನಿಲ್ಲದೆ ಒಂದೇ ಒಡಲಾಗಬೇಕೆಂಬುದು ಅವರ ಹಂಬಲ. ಇಂಥ ಹಂಬಲ ಹೇಳಲು ಸುಲಭ. ಬಹುಮಟ್ಟಿಗೆ ಗೋಡೆಗೊಂದು ಚಿತ್ರ, ಅಂಗಳಕ್ಕೊಂದು ಪ್ರತಿಮೆ ಎಂಬಲ್ಲಿಗೆ ಅದು ಮುಗಿದುಹೋಗುತ್ತದೆ. ಔಲಾ ಮಾಗ್ನಾದಲ್ಲಿ ಅದು ನಿಜವಾದುದು ಒಂದು ತೊಡಕಿನಿಂದ.

ತೊಡಕು ಇದು. ಬೀಸಣಿಗೆಯ ಆಕಾರ ನೋಟಕ್ಕೆ ಒಳ್ಳೆಯದು, ಕೇಳ್ಮೆಗೆ ಕೆಟ್ಟದು. ಪಕ್ಕದ ಗೋಡೆಗಳು ಹಿಂದೆ ಹಿಂದೆ ಅಗಲವಾಗುವುದರಿಂದ ವೇದಿಕೆಯ ನಾದವನ್ನು ಅವು ನಡುವಿನವರಿಗೆ ಮರಳಿಸಲಾರವು. ಬಾಗಿದ ಹಿಂಗೋಡೆಯೂ ಗುಮ್ಮಟದಂಥ ಛಾವಣಿಯೂ ಅದನ್ನು ಒಂದೆಡೆ ಗುಡ್ಡೆಹಾಕುತ್ತವೆ. ವಿಜಾಪುರದ ಗೋಲಗುಮ್ಮಟವನ್ನು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಚಪ್ಪಾಳೆ ಹಲವಾಗಿ ಮರಳುವುದು ಅಲ್ಲಿ ಪವಾಡ. ಸಂಗೀತಭವನದಲ್ಲಿ ಅದೇ ಶಾಪ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೇರವಾಗಿ ಬಂದ ಮಾತಿಗಿಂತ ಅದರ ಪ್ರತಿಫಲನ 17 ಮೀಟರಿನಷ್ಟು ಹೆಚ್ಚು ದೂರ ಸುತ್ತಿ ಬಂದರೆ, ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ತಡವಾಗುತ್ತದೆ. ಅಷ್ಟರೊಳಗೆ ಬಂದರೆ ಕಿವಿ ಎರಡನ್ನೂ ಒಂದಾಗಿಸಿಕೊಂಡು ತೃಪ್ತಿಪಡುತ್ತದೆ. ಅದನ್ನು ಮೀರಿದರೆ ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುತ್ತದೆ.

ಈ ಶಾಸ್ತ್ರ ಹುಟ್ಟಿದ್ದೂ ವಿಶ್ವವಿದ್ಯಾನಿಲಯದ ಒಂದು ಕೆಟ್ಟ ಸಭಾಂಗಣದಲ್ಲಿಯೇ. 1895ರಲ್ಲಿ ಹಾರ್ವರ್ಡಿನಲ್ಲಿ ಹೊಸದಾಗಿ ಕಟ್ಟಿದ್ದ ಉಪನ್ಯಾಸಮಂದಿರದಲ್ಲಿ ಒಂದು ಪದ ಐದೂವರೆ ಸೆಕೆಂಡು ಮೊರೆಯುತ್ತಿತ್ತು. ವ್ಯಾಲೆಸ್ ಸಾಬಿನ್ ಎಂಬ ತರುಣ ಅಧ್ಯಾಪಕರು ನೆರೆಯ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿಕೊಂಡು ಬಂದು, ನಡುರಾತ್ರಿಯ ನೀರವದಲ್ಲಿ ಒಂದೊಂದಾಗಿ ಹರಡಿ, ಮೊರೆತ ಎಷ್ಟು ಕುಗ್ಗಿತೆಂದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನ ಸೇರಬೇಕಿತ್ತು.

ಅದೇ ಊರಿನ ಕಡೆಯವರು ರಾಬರ್ಟ್ ನ್ಯೂಮನ್. 1948ರಲ್ಲಿ ಸ್ಥಾಪಿತವಾದ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಎಂಬ ಧ್ವನಿತಜ್ಞರ ಸಂಸ್ಥೆಯಲ್ಲೊಬ್ಬರು. ವಿಯಾನುಯೆವಾ ಅವರ ನಕ್ಷೆಯನ್ನು ನೋಡಿ, ಛಾವಣಿಯ ಕೆಳಗೆ ಪ್ರತಿಫಲಕಗಳು ತೂಗಲೇಬೇಕೆಂದರು. ಇದೇ ವೇಳೆಗೆ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಈ ಕಟ್ಟಡಕ್ಕೆ ಒಂದು 'ಮೊಬೈಲ್' ಮಾಡಿಕೊಡಲು ಒಪ್ಪಿದ್ದರು. ಇಂದಿನ ವಾಚಕರಿಗೆ ಮೊಬೈಲ್ ಎಂದರೆ ಜೇಬಿನ ದೂರವಾಣಿ. 1931ರಲ್ಲಿ ಮಾರ್ಸೆಲ್ ದ್ಯೂಶಾಂ ಈ ಹೆಸರನ್ನಿಟ್ಟದ್ದು ಗಾಳಿಗೆ ಓಲಾಡುವ ಕಾಲ್ಡರರ ತೂಗುಶಿಲ್ಪಗಳಿಗೆ. ಕಾಲ್ಡರ್ ಮೊದಲು ಕಲಿತದ್ದು ಯಂತ್ರಶಿಲ್ಪಶಾಸ್ತ್ರ, 1919ರ ಪದವೀಧರರು. ನ್ಯೂಮನ್ನರ ಬೇಡಿಕೆ ಅವರಿಗೆ ಅವಮಾನವೆನಿಸಲಿಲ್ಲ. ಆಕಾರವೂ ಬಣ್ಣವೂ ಕಾಲ್ಡರರದು. ತೂಗುವ ತಾಣ, ವಾಲುವ ಕೋನ ನ್ಯೂಮನ್ನರದು. ಮರದ ಪದರಗಳನ್ನು ಉಕ್ಕಿನ ಚೌಕಟ್ಟಿಗೆ ಬಿಗಿದು, ಉಕ್ಕಿನ ಹಗ್ಗಗಳಿಂದ ಇಳಿಬಿಟ್ಟರು. 1953ರಲ್ಲಿ ಸಭಾಂಗಣ ಸಿದ್ಧವಾಯಿತು.

ಇಲ್ಲಿ ಗಮನಿಸತಕ್ಕ ಮಾತೊಂದುಂಟು. ಚಲನೆಯಿಂದಲೇ ಲೋಕಪ್ರಸಿದ್ಧರಾದ ಕಲಾವಿದರು ಇಲ್ಲಿ ಚಲನೆಯನ್ನೇ ಬಿಟ್ಟುಕೊಟ್ಟರು. ಈ ಮೋಡಗಳು ಅಲುಗುವುದಿಲ್ಲ. ಅಲುಗಿದರೆ ನಾದದ ದಾರಿ ತಪ್ಪುತ್ತದೆ. ಅಲುಗುವುದು ಅವುಗಳ ಕೆಳಗೆ ಹರಿದಾಡುವ ಸ್ವರ ಮಾತ್ರ. ಕಾಲ್ಡರ್ ತಮ್ಮ ಕೃತಿಯನ್ನು ಕಣ್ಣಾರೆ ಕಂಡದ್ದು 1955ರ ಆಗಸ್ಟಿನಲ್ಲಿ. ಅದೇ ವರ್ಷದ ಆರಂಭದಲ್ಲಿ ಅವರು ಅಹಮದಾಬಾದಿನ ಸಾರಾಭಾಯಿ ಮನೆತನದ ಅತಿಥಿಯಾಗಿ, ತೋಟದಲ್ಲಿ ಕುಳಿತು ಶಿಲ್ಪಗಳನ್ನು ಮಾಡಿದ್ದರು. ಅವು ಮಾತ್ರ ಗಾಳಿಗೆ ಓಲಾಡುವ ಸ್ವಾತಂತ್ರ್ಯವುಳ್ಳವು.

ಸಭಾಂಗಣ ಎದ್ದ ಕಾಲ ಸುಖದ ಕಾಲವೇನಲ್ಲ. ದೇಶವನ್ನಾಳುತ್ತಿದ್ದವನು ಸರ್ವಾಧಿಕಾರಿ ಪೆರೆಸ್ ಹಿಮೆನೆಸ್. ಎಣ್ಣೆಯ ಹಣವನ್ನು ಕಟ್ಟಡಗಳಿಗೆ ಸುರಿದ ಈತನ ಆಡಳಿತವೇ 1950ರ ದಶಕದ ಮೊದಲಲ್ಲಿ ವಿಶ್ವವಿದ್ಯಾನಿಲಯವನ್ನು ಕೆಲಕಾಲ ಮುಚ್ಚಿಸಿತ್ತು. ಅಂಥವನಿಗೆ, ಪ್ರತಿಯೊಂದು ಮಾತೂ ಕೊನೆಯ ಸಾಲಿಗೆ ಸ್ಪಷ್ಟವಾಗಿ ಕೇಳುವ ಭವನ ದೊರೆತದ್ದು ವಿಧಿಯ ವಿನೋದ. 1954ರ ಮಾರ್ಚಿನಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಹತ್ತನೆಯ ಸಮ್ಮೇಳನ ಇಲ್ಲಿ ನೆರೆಯಿತು. ಅಮೆರಿಕದ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲೆಸ್ ಕಮ್ಯೂನಿಸ್ಟ್‌ವಿರೋಧಿ ನಿರ್ಣಯವನ್ನು ತಂದರು. ಪುಟ್ಟ ಗ್ವಾಟೆಮಾಲಾದ ಸಚಿವ ಗಿಯೆರ್ಮೋ ತೊರಿಯೆಯೊ ಎದ್ದುನಿಂತು ಪ್ರತಿಭಟಿಸಿದರು. ಅವರಿಗೆ ಭಾರಿ ಕರತಾಡನ ದೊರೆಯಿತು, ಮತ ಮಾತ್ರ ದೊರೆಯಲಿಲ್ಲ. ಜೂನ್ ತಿಂಗಳಲ್ಲಿ ಅವರ ಸರಕಾರವೇ ಉರುಳಿತು. ಹಿಮೆನೆಸ್‌ನೂ 1958ರ ಜನವರಿಯಲ್ಲಿ ದೇಶಬಿಟ್ಟು ಓಡಿದನು.

ಮೋಡಗಳನ್ನು ತೂಗಿಬಿಟ್ಟರೆ ಸಾಕೆಂದು ತಿಳಿಯಬಾರದು. ಬೆರಾನೆಕ್ ಅವರ ಸಲಹೆಯಂತೆಯೇ ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಭವನದಲ್ಲಿ ನೂರಕ್ಕೂ ಹೆಚ್ಚು ಒಂದೇ ಅಚ್ಚಿನ ಹಲಗೆಗಳನ್ನು ಇಳಿಬಿಟ್ಟರು. ಆದರೆ ನಡುವೆ ನಕ್ಷೆ ಬದಲಾಯಿತು, ಆಸನಗಳು ಹೆಚ್ಚಿದವು. 1962ರಲ್ಲಿ ಬಾಗಿಲು ತೆರೆದಾಗ ಮಂದ್ರಸ್ವರ ಸೊರಗಿತೆಂದು ವಿಮರ್ಶಕರು ದೂರಿದರು. ಒಬ್ಬರ ವಾದ್ಯ ಇನ್ನೊಬ್ಬರಿಗೆ ಕೇಳದೆಂದು ವಾದಕರು ಗೊಣಗಿದರು. 1976ರಲ್ಲಿ ಒಳಾಂಗಣವನ್ನೇ ಕಿತ್ತು ಕಟ್ಟಿದರು, 2022ರಲ್ಲಿ ಮತ್ತೊಮ್ಮೆ. ಕರಾಕಸ್‌ನ 31 ಮೋಡಗಳು ಮಾತ್ರ ನೆಲೆಬಿಟ್ಟು ಕದಲಲಿಲ್ಲ.

2000ದಲ್ಲಿ ಯುನೆಸ್ಕೋ ಸಂಸ್ಥೆ ಈ ವಿದ್ಯಾನಗರಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಗೌರವ ಮಳೆಯನ್ನು ತಡೆಯದು. ದೇಶದ ಬೊಕ್ಕಸ ಬರಿದಾಗಿ, ಪಾಲನೆ ತಪ್ಪಿ, 2020ರ ಜೂನ್‌ನಲ್ಲಿ ಆ ನೆರಳಿನ ನಡೆಹಾದಿಗಳಲ್ಲೊಂದರ ಮಾಡು ಕುಸಿದುಬಿದ್ದಿತು. ಮರುವರ್ಷ ದುರಸ್ತಿಯ ಕೆಲಸ ಆರಂಭವಾಯಿತು.

ವಿದ್ಯಾರ್ಥಿಗಳು ಪದವಿ ಪಡೆಯುವುದು ಔಲಾ ಮಾಗ್ನಾದಲ್ಲಿಯೇ. ನಿಲುವಂಗಿ ತೊಟ್ಟವರು ಬಣ್ಣದ ಮೋಡಗಳ ಕೆಳಗೆ ಸಾಲುಗೂಡುತ್ತಾರೆ, ವೇದಿಕೆಯಿಂದ ಒಬ್ಬೊಬ್ಬರ ಹೆಸರನ್ನೂ ಕರೆಯುತ್ತಾರೆ. ಹೊರಗೆ ಚೌಕದಲ್ಲಿ ಆರ್ಪ್ ಅವರ ಕುರುಬ ನಿಂತಿದ್ದಾನೆ.